ಎತ್ತಿ ಹೊಯ್ದವರು ಯಾರು?

ಸೇಡಂ ಬಸ್ ಸ್ಟ್ಯಾಂಡಿನ ಎದುರು ಬಂಡಿಯವನು ಮಿರ್ಚಿ ಕಟ್ಟಿಕೊಟ್ಟದ್ದು ತೆಲುಗು ಪೇಪರಿನಲ್ಲಿ. ತಲೆಕಟ್ಟಿನ ಜಾಗದಲ್ಲಿ ಟಿಕ್ ಮಾರ್ಕು ಹಾಕಿದ ಕನ್ನಡ ಅಂದುಕೊಂಡರೆ ತೆಲುಗು ಅರ್ಧ ಓದಲು ಬಂದೇಬರುತ್ತದೆ. ಮಿರ್ಚಿ ಮುಗಿದ ಮೇಲೆ, ಎಣ್ಣೆ ಕುಡಿದ ಹಾಳೆಯ ತಲೆಬರಹ ಕೂಡಿಸಿ ಓದಿದೆ: ಎತ್ತಿಪೋತಲ ಪಥಕಂ. ಕೆಳಗಿನ ಫೋಟೋದಲ್ಲಿ ಜಲಪಾತವಿಲ್ಲ. ದಪ್ಪ ಪೈಪು, ಪಂಪ್‌ಹೌಸು.

"ಅದು ಏತ ನೀರಾವರಿ ಅದರಿ ಸರ. ನೀರ ಎತ್ತಿ ಮ್ಯಾಲ ಹೊಯ್ಯೋದು" ಎಂದ ಬಂಡಿಯವನು, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಗೊತ್ತಿರಲಿಲ್ಲ. ಚಿಂಚೋಳಿ ಕಾಡಿನ ಎತ್ತಿಪೋತ ನಮ್ಮ ಸೀಮೆಯ ಜಲಪಾತ; ಆ ಹೆಸರಿಗೆ ಅರ್ಥವಿದ್ದೀತೆಂದು ನಾನು ಯೋಚಿಸಿದವನೇ ಅಲ್ಲ. ಬೀಳುವುದೇ ಕೆಲಸವಾದ ನೀರಿಗೆ ಎತ್ತುವ ಹೆಸರು! ನಾಗಾರ್ಜುನಸಾಗರದ ಹತ್ತಿರವೂ ಎತ್ತಿಪೋತಲ ಎಂಬ ಜಲಪಾತವಿದೆಯಂತೆ. ಅಂದರೆ ತೆಲುಗಿನವರು ತಿಳಿದೇ ಇಟ್ಟಿದ್ದಾರೆ.

ಕನ್ನಡ ಕಾಡಿನೊಳಗೆ ತೆಲುಗು ಹೆಸರೇಕೆ ಎಂದು ಹುಬ್ಬೇರಿಸುವವರು ಬೆಂಗಳೂರಿನವರಿರಬೇಕು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿದ ಕವಿರಾಜಮಾರ್ಗ ಹುಟ್ಟಿದ್ದು ನಮ್ಮ ತಾಲ್ಲೂಕಿನ ಮಳಖೇಡದ ಅರಸನ ಆಸ್ಥಾನದಲ್ಲೇ, ನಿಜ. ಆದರೆ ಮಳಖೇಡದ ಕೋಟೆಗೋಡೆ ಸವರಿಕೊಂಡು ಹೋಗುವ ಕಾಗಿಣಾ ನದಿ ಬರುವುದು ತಾಂಡೂರನ್ನು ದಾಟಿ. ಆ ತಾಂಡೂರು, ಪಕ್ಕದ ಕೊಡಂಗಲ್, ಎರಡೂ 1956ರ ನವೆಂಬರ್ 1ರ ತನಕ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ. ನಮ್ಮ ಮುತ್ಯಾನ ತಂಗಿಯನ್ನು ಕೊಟ್ಟದ್ದು ತಾಂಡೂರಿಗೆ. "ಜಿಲ್ಲಾದಾಗ ಕೊಟ್ಟಿದ್ದೆ, ರಾಜ್ಯದ ಹೊರಗ ಹೋದಳು" ಎಂದು ಅವನು ಕೊನೆಯವರೆಗೂ ಗೊಣಗುತ್ತಿದ್ದ.

ಎತ್ತುವ ಮಾತು ಬಂದಾಗ ನೆನಪಾಗುವುದು ಏಳನೇ ಇಯತ್ತೆಯ ಟೂರು. ಡಿಸೆಂಬರ್ ತಿಂಗಳು, ಕೆಂಪು ಬಸ್ಸು. ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ವಿಜಾಪುರದ ಗೋಳಗುಮ್ಮಟದಲ್ಲಿ ಕೂಗಿ ಗಂಟಲು ಕೆಡಿಸಿಕೊಂಡೆವು, ಬಾದಾಮಿಯಲ್ಲಿ ಮಂಗಗಳಿಗೆ ರೊಟ್ಟಿ ಕಳೆದುಕೊಂಡೆವು. ಶಿರಸಿ ದಾಟಿದ ಮೇಲೆ ಕಿಟಕಿಯ ಹೊರಗೆ ಹಸಿರೇ ಹಸಿರು. ತೊಗರಿ ಹೊಲ ಮತ್ತು ಪರ್ಸಿ ಕಲ್ಲಿನ ಗಣಿ ಬಿಟ್ಟು ಬೇರೇನೂ ಕಾಣದ ನಾವು ಗಪ್‌ಚಿಪ್. ಮಾಸ್ತರು ಬಸ್ಸಿನ ನಡುವೆ ನಿಂತು ಪಾಠ ಒಪ್ಪಿಸಿಕೊಂಡರು: ರಾಜ, ರಾಣಿ, ರೋರರ್, ರಾಕೆಟ್; ಎತ್ತರ 830 ಅಡಿ.

ಜೋಗ ಬಂತು. ಎದುರಿಗೆ ಕರಿಯ ಬಂಡೆಗೋಡೆ. ಅದರ ಮೇಲೆ ಯಾರೋ ಬಳಪ ಎಳೆದಂತೆ ನಾಲ್ಕಾರು ಬಿಳಿ ಗೆರೆ.

"ಸರ, ನೀರ ಎಲ್ಲ್ಯದರಿ?" ಎಂದು ಕೇಳಿದವನು ನಾನೇ ಎಂದು ಎಲ್ಲರೂ ಹೇಳುತ್ತಾರೆ.

ಮಾಸ್ತರಿಗೂ ನಿರಾಸೆಯಾಗಿತ್ತು, ಅವರೂ ಮೊದಲ ಸಲವೇ ಬಂದಿದ್ದರೆಂದು ಆಮೇಲೆ ತಿಳಿಯಿತು. ಆದರೂ ಸೋಲಲಿಲ್ಲ. ಮೇಲೆ ಲಿಂಗನಮಕ್ಕಿ ಆಣೆಕಟ್ಟಿದೆ, 1964ರಲ್ಲಿ ಮುಗಿದದ್ದು. ನೀರನ್ನು ಅಲ್ಲಿ ಹಿಡಿದು ಪೈಪಿನಲ್ಲಿ ಇಳಿಸಿ ಕರೆಂಟು ಮಾಡುತ್ತಾರೆ ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಈ ನೀರು ನಿಮ್ಮಪ್ಪನ ಬಾವಿ ಮೋಟರಿನ್ಯಾಗ ಅದ ನೋಡೋ."

ಅದನ್ನು ನಾನು ಅಕ್ಷರಶಃ ನಂಬಿದೆ. ಊರಿಗೆ ಬಂದ ಮೇಲೆ ಎಷ್ಟೋ ದಿನ, ಅಪ್ಪ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ, ಪೈಪಿನ ಬಾಯಿಂದ ನೀರು ಚಿಮ್ಮಿದಾಗ, ಇದು ಜೋಗದ್ದು, ಆ ಬಂಡೆಯ ಮೇಲೆ ಬೀಳಬೇಕಾಗಿದ್ದದ್ದು ಎಂದು ಬೊಗಸೆಯೊಡ್ಡಿ ನಿಲ್ಲುತ್ತಿದ್ದೆ. ಶರಾವತಿಯ ಹತ್ತು ಯಂತ್ರಗಳು ಸೇರಿ 1035 ಮೆಗಾವಾಟ್ ಎಂದು ದೊಡ್ಡವನಾದ ಮೇಲೆ ಓದಿದೆ. ಅದರಲ್ಲಿ ನಮ್ಮ ಐದು ಎಚ್‌ಪಿ ಮೋಟರಿನ ಪಾಲು ಎಷ್ಟೆಂದು ಲೆಕ್ಕ ಹಾಕಲು ಹೋಗಲಿಲ್ಲ. ನಂಬಿಕೆ ಕೆಡುತ್ತದೆ. ಮಲೆನಾಡಿನಲ್ಲಿ ಬಿದ್ದದ್ದು ಸೇಡಮಿನಲ್ಲಿ ಎದ್ದಿತ್ತು. ಎತ್ತಿಪೋತ ಎಂದರೆ ಇದೇ ಅಲ್ಲವೇ?

ಟೂರಿನ ಕಥೆ ಕೇಳಿ ಮುತ್ಯಾ ಮೂಗು ಮುರಿದ. "ನೀರ ನೋಡಾಕ ಅಷ್ಟ ದೂರ ಯಾಕ ಹೋದ್ರಿ?" ಎಂದು ಮರುವರ್ಷ ಶ್ರಾವಣದಲ್ಲಿ ಚಿಂಚೋಳಿಗೆ ಕರೆದೊಯ್ದ. ತಾಂಡಾದ ಹಾದಿ ಹಿಡಿದು, ಕೆಸರಿನಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಎತ್ತಿಪೋತದ ಮುಂದೆ ನಿಂತೆವು. ಎತ್ತರದಲ್ಲಿ ಅದು ಜೋಗದ ಮೊಣಕಾಲಿಗೂ ಬಾರದು. ಆದರೆ ಅವತ್ತು ಅದರಲ್ಲಿ ನೀರಿತ್ತು, ಸದ್ದಿತ್ತು, ಕಣ್ಣಿಗೆ ರಾಚುವ ತುಂತುರಿತ್ತು. ಮುತ್ಯಾ ಧೋತರ ಮೇಲೆತ್ತಿ ಕಟ್ಟಿ, ತಾನೇ ಹೊಯ್ಯಿಸಿದವನ ಹಾಗೆ ನಿಂತಿದ್ದ. ಈ ಪಕ್ಷಪಾತ ನನಗೆ ಅವನಿಂದ ಬಂದದ್ದು.

ಈಗ ಆ ಕಾಡು ವನ್ಯಜೀವಿಧಾಮ. ಹೋಗುವುದಾದರೆ ಒಳ್ಳೆಯ ಮಳೆ ಬಿದ್ದ ವಾರದಲ್ಲೇ ಹೋಗಿ, ಬುತ್ತಿ ಕಟ್ಟಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿಯೂ ಬರೀ ಬಂಡೆಯೇ.