ಡಬ್ಬಿಗೆ ಹೆಸರು ಬರೆಯುವವರು

ಹೊಸ ಸೊಸೆ ಅಡಿಗೆಮನೆಗೆ ಕಾಲಿಟ್ಟ ದಿನವೇ ಆ ಮನೆಯ ಒಂದು ಗುಟ್ಟು ಬಯಲಾಗುತ್ತದೆ. ಗೂಡಿನಲ್ಲಿ ಒಂದೇ ಅಳತೆಯ ಡಬ್ಬಿಗಳು ಸಾಲಾಗಿ ನಿಂತಿವೆ, ಒಂದಕ್ಕೂ ಹೆಸರಿಲ್ಲ. ಅತ್ತೆಯವರ ಕೈ ಕತ್ತಲೆಯಲ್ಲಿಯೂ ನೇರವಾಗಿ ಸಾಸಿವೆಯ ಡಬ್ಬಿಗೇ ಹೋಗುತ್ತದೆ. “ಉಪ್ಪು ಎಷ್ಟು ಹಾಕಲಿ, ಅತ್ತೆ?” ಎಂದು ಕೇಳಿದರೆ, “ಹಿಡಿಸುವಷ್ಟು ಹಾಕಮ್ಮ” ಎಂಬ ಉತ್ತರ ಬರುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೆ ಅದು ಬಲ್ಲವರಿಗೆ ಮಾತ್ರ ಉತ್ತರ. ಅರಿಯದವರಿಗೆ ಇನ್ನೊಂದು ಪ್ರಶ್ನೆ.

ಆ ಡಬ್ಬಿಗಳಿಗೆ ಚೀಟಿ ಅಂಟಿಸುವವರು ಯಾರು? ಅತ್ತೆಯವರಿಗೆ ಅದರ ಅಗತ್ಯವೇ ತೋರದು. ಸೊಸೆಗೆ ತೋರುತ್ತದೆ, ಆದರೆ ಕೇಳಲು ಸಂಕೋಚ. ಆರು ತಿಂಗಳು ಕಳೆಯುವಷ್ಟರಲ್ಲಿ ಅವಳ ಕೈಗೂ ಕಣ್ಣು ಮೂಡಿರುತ್ತದೆ. ಚೀಟಿಯ ಮಾತು ಮರೆತುಹೋಗಿರುತ್ತದೆ.

ಕಂಪ್ಯೂಟರಿಗೆ ಆಜ್ಞೆ ಬರೆಯುವ ಭಾಷೆಗಳ ಕೈಪಿಡಿಗಳದೂ ಇದೇ ಕಥೆ. ಪೈಥಾನ್ ಭಾಷೆಯನ್ನೇ ನೋಡಬಹುದು. ಗೀಡೊ ವಾನ್ ರಾಸಮ್ ಅವರು 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅದರ ರಚನೆಗೆ ತೊಡಗಿ, 1991ರಲ್ಲಿ ಲೋಕದ ಕೈಗಿತ್ತರು. ಹೆಸರು ಬಂದುದು ಹೆಬ್ಬಾವಿನಿಂದಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದಿಂದ. ಭಾಷೆಯೊಡನೆಯೇ ತುಂಬಿದ ಉಗ್ರಾಣವೊಂದು ದೊರೆಯುತ್ತದೆ. ದಿನಾಂಕದ ಲೆಕ್ಕ, ಕಡತಗಳನ್ನು ತೆರೆಯುವುದು, ಪದಗಳನ್ನು ಕತ್ತರಿಸುವುದು, ಜೋಡಿಸುವುದು, ಹೀಗೆ ನಿತ್ಯಕ್ಕೆ ಬೇಕಾದ ಉಪಕರಣಗಳೆಲ್ಲ ಅಲ್ಲಿ ಸಿದ್ಧವಾಗಿರುತ್ತವೆ. ಇದಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಹೆಸರು. ಉಗ್ರಾಣ ದೊಡ್ಡದಾದಷ್ಟೂ ಡಬ್ಬಿಗಳ ಮೇಲಿನ ಚೀಟಿಗೆ ಬೆಲೆ ಹೆಚ್ಚು.

ಆ ಉಗ್ರಾಣದಲ್ಲಿ ಎಲ್‌ಸ್ಟ್ರಿಪ್ ಎಂಬ ಪುಟ್ಟ ಉಪಕರಣವೊಂದಿದೆ. ಪದದ ಎಡತುದಿಯಿಂದ ಬೇಡವಾದುದನ್ನು ಸುಲಿದು ತೆಗೆಯುವುದು ಅದರ ಕೆಲಸ. ‘ದಶಮುಖ’ ಎಂಬ ಪದವನ್ನು ಕೊಟ್ಟು ‘ದಶ’ವನ್ನು ತೆಗೆ ಎಂದರೆ ‘ಮುಖ’ ಉಳಿಯುತ್ತದೆ. ‘ದಶರಥ’ವನ್ನು ಕೊಟ್ಟರೆ ‘ರಥ’ ಉಳಿಯುತ್ತದೆ. ಹೊಸಬನಿಗೆ ಪರಮ ಸಂತೋಷ. ಇನ್ನು ಭಯವಿಲ್ಲವೆಂದು ಸಾವಿರ ಪದಗಳನ್ನು ಅದರ ಬಾಯಿಗೆ ಒಡ್ಡುತ್ತಾನೆ. ಅವುಗಳ ನಡುವೆ ಎಲ್ಲಿಯೋ ‘ದಶದಳ’ ಎಂಬುದೊಂದು ಇರುತ್ತದೆ. ‘ದಳ’ ಉಳಿಯಬೇಕಾದಲ್ಲಿ ‘ಳ’ ಎಂಬ ಒಂಟಿ ಅಕ್ಷರ ಉಳಿದಿರುತ್ತದೆ!

ಯಂತ್ರ ತಪ್ಪಿದುದಲ್ಲ. ‘ದಶ’ ಎಂದು ಕೊಟ್ಟಾಗ ಎಲ್‌ಸ್ಟ್ರಿಪ್ ಅದನ್ನು ಒಂದು ಪದವೆಂದು ಎಣಿಸುವುದಿಲ್ಲ. ‘ದ’ ಮತ್ತು ‘ಶ’ ಎಂಬ ಎರಡು ಬಿಡಿ ಅಕ್ಷರಗಳೆಂದು ಎಣಿಸುತ್ತದೆ. ಆ ಎರಡರಲ್ಲಿ ಯಾವುದು ಎದುರಾದರೂ, ಎಷ್ಟು ಸಲ ಎದುರಾದರೂ, ಸುಲಿಯುತ್ತಲೇ ಹೋಗುತ್ತದೆ. ‘ದಶರಥ’ದಲ್ಲಿ ‘ರ’ಕಾರ ಅಡ್ಡಬಂದು ಕಾಪಾಡಿತು. ‘ದಶದಳ’ದಲ್ಲಿ ಕಾಪಾಡುವವರು ಯಾರೂ ಇರಲಿಲ್ಲ.

ಆ ರಾತ್ರಿ ಹೊಸಬನು ಪಡುವ ಪಾಡನ್ನು ವರ್ಣಿಸುವ ಅಗತ್ಯವಿಲ್ಲ. ತಾನು ಬರೆದ ಸಾಲುಗಳನ್ನು ಹತ್ತು ಸಲ ತಿದ್ದುತ್ತಾನೆ. ಕಡೆಗೆ ಕೈಪಿಡಿಯನ್ನು ತೆರೆದರೆ, ಕೊಟ್ಟ ಅಕ್ಷರಗಳು ಪೂರ್ವಪದವಲ್ಲವೆಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಇದ್ದ ಮಾತು ತನ್ನ ಕಣ್ಣಿಗೇಕೆ ಬೀಳಲಿಲ್ಲ? ತಾನು ದಡ್ಡ, ಈ ವಿದ್ಯೆ ತನ್ನಂಥವನಿಗೆ ಒಲಿಯುವುದಲ್ಲ ಎಂದು ನಿರ್ಧರಿಸಿ ದೀಪ ಆರಿಸುತ್ತಾನೆ. ಕೆಟ್ಟ ಕೈಪಿಡಿಯಿಂದಾಗುವ ದೊಡ್ಡ ನಷ್ಟ ಕಾಲದ್ದಲ್ಲ, ಧೈರ್ಯದ್ದು.

ಆದರೆ ಅವನೊಬ್ಬನೇ ಎಡವಿದವನಲ್ಲ. ಎಷ್ಟೋ ವರ್ಷಗಳ ಕಾಲ ಜನರು ಇದೇ ಕಲ್ಲಿಗೆ ಎಡವುತ್ತ ಬಂದರು. ಉಪಕರಣವೇ ಕೆಟ್ಟಿದೆಯೆಂದು ದೂರು ಬರೆದವರೂ ಉಂಟು. ಹೇಳಿದ್ದು ಸತ್ಯ, ಆದರೆ ಮುಟ್ಟಲಿಲ್ಲ. ಕೊನೆಗೆ 2020ರ ಅಕ್ಟೋಬರಿನಲ್ಲಿ ಹೊರಬಂದ 3.9ನೆಯ ಆವೃತ್ತಿಯಲ್ಲಿ ರಿಮೂವ್‌ಪ್ರಿಫಿಕ್ಸ್ ಎಂಬ ಹೊಸ ಉಪಕರಣವನ್ನೇ ಸೇರಿಸಿದರು. ಅದು ಪೂರ್ವಪದವನ್ನು ಇಡಿಯಾಗಿ, ಒಂದೇ ಸಲ ತೆಗೆಯುತ್ತದೆ. ಕೈಪಿಡಿಯಲ್ಲಿ ಈಗ ಒಂದೇ ಪದದ ಮೇಲೆ ಎರಡು ಉಪಕರಣಗಳನ್ನೂ ಆಡಿಸಿ ತೋರಿಸಿದ್ದಾರೆ. ವಿವರಣೆಯ ಹಲವು ವಾಕ್ಯಗಳು ಮಾಡದ ಕೆಲಸವನ್ನು ಆ ಎರಡು ಸಾಲಿನ ಉದಾಹರಣೆ ಮಾಡುತ್ತದೆ. ಎಷ್ಟು ಚೀಟಿ ಅಂಟಿಸಿದರೂ ಜನ ತಪ್ಪುತ್ತಲೇ ಇದ್ದರೆ ಡಬ್ಬಿಯನ್ನೇ ಬೇರೆ ಮಾಡಬೇಕೆಂಬ ಬುದ್ಧಿಯೂ ಇದರಿಂದ ಬರುತ್ತದೆ.

ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ವೃತ್ತಿಯಲ್ಲಿ ಅದನ್ನು ಬಿಡಿಸಿದನು, ಪ್ರಯೋಗಗಳಿಂದ ತೋರಿಸಿದನು. ಕೈಪಿಡಿಯ ಒಳ್ಳೆಯ ಪುಟಕ್ಕೆ ಬೇಕಾದುದೂ ಈ ಮೂರೇ. ಇನ್ನೊಂದನ್ನು ಸೇರಿಸುವುದಾದರೆ, ಕಾರಣ. ಪಟ್ಟಿಯನ್ನು ಕ್ರಮಗೊಳಿಸುವ ಸಾರ್ಟ್ ಎಂಬ ಉಪಕರಣವು ಹೊಸ ಪಟ್ಟಿಯನ್ನು ಹಿಂದಿರುಗಿಸುವುದಿಲ್ಲ. ಮೂಲಪಟ್ಟಿಯೇ ಬದಲಾಗಿದೆ ಎಂಬುದನ್ನು ಬಳಸುವವನಿಗೆ ನೆನಪಿಸಲೆಂದೇ ಹಾಗೆ ಮಾಡಿದೆಯೆಂದು ಕೈಪಿಡಿ ಹೇಳುತ್ತದೆ. ಕಾರಣ ತಿಳಿದ ನಿಯಮ ಮರೆಯುವುದಿಲ್ಲ.

ಅನುಭವಿಗಳ ಆಕ್ಷೇಪವನ್ನೂ ಕೇಳಬೇಕು. ಅವರು ಕೈಪಿಡಿಗೆ ಬರುವುದು ಅರೆಗಳಿಗೆಯ ಕೆಲಸಕ್ಕೆ. ಪ್ರತಿಯೊಂದು ಪುಟವೂ ಹರಿಕಥೆಯಾದರೆ ಅವರು ಬೇಕಾದ ಸಾಲನ್ನು ಎಲ್ಲಿ ಹುಡುಕಬೇಕು? ಮಾತು ನ್ಯಾಯವಾದುದೇ. ಆದುದರಿಂದಲೇ ಕೈಪಿಡಿಯನ್ನು ಉತ್ತಮಪಡಿಸುವುದೆಂದರೆ ಉದ್ದಮಾಡುವುದಲ್ಲ. ಎಡವುವ ಜಾಗವನ್ನು ಗುರುತಿಸಿ ಅಲ್ಲಿಯೇ ಒಂದು ದೀಪವಿಡುವುದು. 1971ರ ನವೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಹೊರತಂದ ಯೂನಿಕ್ಸ್ ಕೈಪಿಡಿ ಬಿಗಿಯಾದ ಬರವಣಿಗೆಗೆ ಹೆಸರಾದುದು. ಅದರಲ್ಲಿಯೂ ದೋಷಗಳನ್ನು ಹೇಳುವುದಕ್ಕೆಂದೇ ಒಂದು ವಿಭಾಗವಿತ್ತು. ತಮ್ಮ ಕೃತಿಯ ಕೊರತೆಯನ್ನು ತಾವೇ ಬರೆದಿಟ್ಟ ಆ ಪ್ರಾಮಾಣಿಕತೆಗೆ ಹೆಚ್ಚು ಸ್ಥಳವೇನೂ ಬೇಕಾಗಲಿಲ್ಲ.

ಎಡವುವ ಜಾಗ ಯಾವುದೆಂದು ಹೇಳಬಲ್ಲವನು ಯಾರು? ಪಂಡಿತನಲ್ಲ, ಅವನ ಕಾಲು ಆ ಕಲ್ಲನ್ನು ತಾನಾಗಿಯೇ ದಾಟುತ್ತದೆ. ಎಡವಿದ ಬೆರಳಿನಲ್ಲಿ ಇನ್ನೂ ನೋವಿರುವವನೇ ಹೇಳಬೇಕು. ತಪ್ಪು ಕಂಡರೆ ತಿಳಿಸಿ ಎಂಬ ಕರೆ ಪೈಥಾನ್ ಕೈಪಿಡಿಯ ಪುಟದ ಕೆಳಗೇ ಇದೆ. ಅಲ್ಲಿ ಎರಡು ಸಾಲು ಬರೆಯಲು ಪಾಂಡಿತ್ಯ ಬೇಡ. ಬರೆದುದನ್ನು ಪರೀಕ್ಷಿಸಿ ಒರೆಹಚ್ಚಲು ಬಲ್ಲವರಿದ್ದಾರೆ. ಆದರೂ ಹೊಸಬನು ನಾಚುತ್ತಾನೆ. ಕಲಿತ ಮೇಲೆ ಬರೆದರಾಯಿತು ಎಂದುಕೊಳ್ಳುತ್ತಾನೆ. ಕಲಿತ ಮೇಲೆ ಬರೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ‘ಇದರಲ್ಲಿ ಕಷ್ಟವೇನಿದೆ?’ ಎಂದು ಅವನೇ ಮುಂದಿನವನನ್ನು ಕೇಳುತ್ತಾನೆ.

ಎಲ್ಲ ಸೊಸೆಯರೂ ಒಂದು ದಿನ ಅತ್ತೆಯರಾಗುವವರೇ. ಆಗ ಅವರ ಬಾಯಲ್ಲಿಯೂ ‘ಹಿಡಿಸುವಷ್ಟು’ ಎಂಬ ಮಾತೇ ಬರುತ್ತದೆ. ಮೊದಲ ವಾರದ ಅಜ್ಞಾನ ಕಳೆದುಹೋದ ಮೇಲೆ ಮರಳಿ ದೊರೆಯದು. ಅದು ಕೈಯಲ್ಲಿರುವಾಗಲೇ ಒಂದು ಡಬ್ಬಿಗಾದರೂ ಹೆಸರು ಬರೆದಿಡುವುದು ಲೇಸು.