ಅಜ್ಜನ ಮದ್ದಳೆ, ಅಮ್ಮಮ್ಮನ ಅಡಿಕೆ

ಯನ್ನ ಮಗ ಬೆಂಗ್ಳೂರಲ್ಲಿ ಆಫೀಸು ಮುಗ್ಸ್ಕಂಡು ಸಂಜಿಗೆ ಗೆಳೆಯರ ಸಂತಿಗೆ ಬೇಸ್ ಗಿಟಾರು ಬಾರಿಸ್ತ. ದೀಪಾವಳಿಗೆ ಬಂದಾಗ ಫೋನಲ್ಲಿ ಒಂದು ಹಾಡು ಕೇಳ್ಸಿದ. ಹಾಡೋದು ಕೇಳ್ತು, ಡ್ರಮ್ಮು ಕೇಳ್ತು, ಇವಂದು ಎಲ್ಲಿದ್ದು ಹೇಳಿ ಯಂಗೆ ಗೊತ್ತೇ ಆಜಿಲ್ಲೆ. "ಆಯಿ, ಅದು ಇದ್ದಾಗ ಗೊತ್ತಾಗ್ತಿಲ್ಲೆ, ನಿಲ್ಸಿರೆ ಗೊತ್ತಾಗ್ತು" ಅಂದ. ಯಂಗೆ ಅಜ್ಜನ ನೆನಪಾತು.

ಆಯಿಯ ಅಪ್ಪ ಮದ್ದಳೆ ಬಾರಿಸ್ತಿದ್ದ. ಸಿದ್ದಾಪುರದ ಬದಿ ಮನೆ. ಆಟಕ್ಕೂ ಹೋಗ್ತಿದ್ದ, ತಾಳಮದ್ದಳೆಗೂ ಹೋಗ್ತಿದ್ದ. ಏರು ಪದ್ಯಕ್ಕೆ ಚಂಡೆ ಗುಡುಗಿರೆ ನಿದ್ದೆ ಬಂದವ್ರೂ ಎದ್ದು ಕೂತ್ಗತ್ತ. ಮದ್ದಳೆ ಹಾಂಗಲ್ಲ, ಭಾಗವತ್ರ ಶ್ರುತಿಗೆ ಕೂಡ್ಕಂಡು ಬೆಳಗಿನವರೆಗೂ ಪದ್ಯದ ಅಡೀಲಿ ಇರವು. ಚಿಟ್ಟಾಣಿಯವ್ರ ಭಸ್ಮಾಸುರ ಕುಣಿವಾಗ ಮದ್ದಳೆಯವನ ಕೈ ಯಾರು ನೋಡ್ತ? ಹೆಸರಾದವ್ರೂ ಇದ್ದ. ಏರು ಮದ್ದಳೆ ತಂದ ಹಿರಿಯಡ್ಕ ಗೋಪಾಲರಾಯರ ಸುದ್ದಿ ಅಜ್ಜನೇ ಹೇಳ್ತಿದ್ದ. ಆದ್ರೆ ಅಜ್ಜನಂಥವ್ರ ಹೆಸರು ಕರೆಯೋಲೆಲಿ ಕಡೇ ಸಾಲಿಗೆ. ತಾಳಮದ್ದಳೆ ಹೇಳ ಹೆಸರಲ್ಲೇ ಮದ್ದಳೆ ಇದ್ದು, ಅಲ್ಲೂ ಅರ್ಥಧಾರಿಗಳ ಹೆಸರೇ ದಪ್ಪಕ್ಕೆ.

ಈಗ ಹೆಂಗಸ್ರ ಲೆಕ್ಕ ಕೇಳಿ. ಆಟದ ಕಾಲ ಹೇಳಿರೆ ದೀಪಾವಳಿ ಮುಗಿದ ಮೇಲಿಂದ ಮಳೆ ಬೀಳವರೆಗೆ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ! ಕೊನೆ ಇಳಿಸಿದ ಹಸಿ ಅಡಿಕೆ ರಾಶಿ ಹಾಕಿ ಇಡಲೆ ಬತ್ತಿಲ್ಲೆ. ಸುಲಿಯವು, ಬೇಯಿಸವು, ಅಟ್ಟಕ್ಕೆ ಹಾಕಿ ಒಣಗಿಸವು. ಅಜ್ಜ ಮದ್ದಳೆ ಹೆಗಲಿಗೆ ಹಾಕ್ಯಂಡು ಸಂಜೆ ಬಸ್ಸಿಗೆ ಹೋದ್ರೆ, ಅಮ್ಮಮ್ಮ ಮೆಟ್ಟುಗತ್ತಿ ಮುಂದೆ ಕೂತ್ಗಂಡು ನಡುರಾತ್ರಿವರೆಗೆ ಸುಲೀತಿತ್ತು. ಬೆಳಗಾಗ ಇಬ್ರ ಬೆರಳೂ ಬಾತಿರ್ತಿತ್ತು. ಎಣ್ಣೆ ಬಿಸಿ ಮಾಡದು ಮಾತ್ರ ಅಮ್ಮಮ್ಮಂದೇ ಕೆಲಸ.

ಒಂದು ವರ್ಷ ಅಕಾಲ ಮಳೆ ಬಂತಡ. ಅಜ್ಜ ಯಲ್ಲಾಪುರದ ಬದಿ ಆಟಕ್ಕೆ ಹೋಗಿದ್ದ. ಅಮ್ಮಮ್ಮ ಒಂದೇ ಎಷ್ಟು ಓಡಾಡಿರೂ ಅಟ್ಟದ ಮೇಲಿನ ಅಡಿಕೆ ಅರ್ಧ ನೆನೆದು ಹೋತು. ಅಜ್ಜ ಬಂದ ಮೇಲೆ ಬೈದಿದ್ದಿಲ್ಲೆ. ಎಂಟು ದಿನ ಮಾತೇ ಆಡಿದ್ದಿಲ್ಲೆ. ಅಜ್ಜನೂ ಮದ್ದಳೆ ಗೂಟಕ್ಕೆ ಹಾಕ್ದವ ಮತ್ತೆ ಮುಟ್ಟಿದ್ನಿಲ್ಲೆ. ಆಟಕ್ಕೆ ಕರೆಯಲೆ ಜನ ಬಂದ್ರೆ "ಹುಷಾರಿಲ್ಲೆ ಹೇಳು" ಅಂದು ಒಳಗೇ ಕೂತ್ಗಂಡ.

ಒಂಬತ್ತನೇ ದಿನ ಅಮ್ಮಮ್ಮನೇ ಮದ್ದಳೆ ಇಳಿಸಿ ಅವನ ಮುಂದೆ ಇಟ್ಚಡ. "ಮನೆ ಹಿಂಗೆ ಸುಮ್ನಿದ್ರೆ ಯಂಗೆ ಸುಲಿಯಲೆ ಕೈ ನಡೀತಿಲ್ಲೆ. ಬಾರಿಸಿ" ಹೇಳ್ಚಡ. ಮುಂದಿನ ವರ್ಷದಿಂದ ಕೊಯ್ಲಿನ ಹದಿನೈದು ದಿನ ಅಜ್ಜ ಯಾವ ಆಟವನ್ನೂ ಒಪ್ಪಿದ್ನಿಲ್ಲೆ. ಜಗಲಿಲಿ ಅವನ ಅಭ್ಯಾಸ, ಅಂಗಳದಲ್ಲಿ ಅಡಿಕೆ.

2012ರಲ್ಲಿ ಚಿಟ್ಟಾಣಿಯವಕ್ಕೆ ಪದ್ಮಶ್ರೀ ಬಂತಲಾ, ಅಷ್ಟೊತ್ತಿಗೆ ಅಜ್ಜ ತೀರ್ಕಂಡಿದ್ದ. ಅಮ್ಮಮ್ಮ ಪೇಪರು ಓದಿಸ್ಕಂಡು ಖುಷಿ ಪಟ್ಚು. ಪೂರ್ತಿ ಕೇಳಿ ಆದ್ಮೇಲೆ ಮೆತ್ತಗೆ, "ಮದ್ದಳೆಯವ್ರ ಹೆಸರು ಹಾಕಿದ್ವಾ?" ಹೇಳಿ ಕೇಳ್ಚು. ಆನು "ಹಾಂ" ಅಂದಿ. ಹಾಕಿದ್ದಿಲ್ಲೆ. ಆ ಸುಳ್ಳಿಗೆ ಯಂಗೆ ಇವತ್ತಿಗೂ ಬೇಜಾರಿಲ್ಲೆ.

ಮಗ ವಾಪಸ್ ಹೊರಡಕಾದ್ರೆ ಹೇಳಿ ಕಳ್ಸಿದ್ದಿ: "ಕೊಯ್ಲಿಗೆ ಬಪ್ಪಾಗ ಗಿಟಾರು ತಗಂಬಾ ಮಾಣಿ. ನೀ ಬಾರಿಸು, ಆನು ಅಡಿಕೆ ಸುಲೀತಿ."