ಪರದೇಶದ ಒಲೆಯ ಮುಂದೆ

ನಮ್ಮ ಎಡದ ಮುಂಗೈಯ ಮೇಲೆ ಎರಡು ಬೆರಳುದ್ದದ ಒಂದು ಕಂದು ಗೆರೆ ಇರುವದು. ಅದು ಇಂಗ್ಲೆಂಡಿನಲ್ಲಿ ಬಿದ್ದುದು. ಪರದೇಶಕ್ಕೆ ಹೋಗಿ ಬಂದವರು ಪದವಿಯ ಕಾಗದವನ್ನೋ ಕೈಗಡಿಯಾರವನ್ನೋ ತೋರಿಸುವದುಂಟು. ಪದವಿಯ ಕಾಗದವನ್ನು ನಾವೂ ತಂದಿದ್ದೇವೆ. ಆದರೆ ಮನೆಗೆ ಬರುವ ನೆರೆಹೊರೆಯ ಹೆಣ್ಣುಮಕ್ಕಳು ಮೊದಲು ಕೇಳುವದು ಈ ಗೆರೆಯ ಸಂಗತಿಯನ್ನೇ. ಅದನ್ನು ಒಮ್ಮೆ ಸಾದ್ಯಂತವಾಗಿ ಬರೆದಿಟ್ಟರೆ ಮೇಲಿಂದ ಮೇಲೆ ಹೇಳುವ ಶ್ರಮವಾದರೂ ತಪ್ಪೀತು.

ನಮ್ಮದು ಇಳಕಲ್ಲಿನಲ್ಲಿ ನೇಕಾರರ ಮನೆ. ತಂದೆಯವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುವರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ ಕೂಡಿಸಬೇಕಾಗುವದು. ಚಿಕ್ಕಂದಿನಲ್ಲಿ ಈ ಕೆಲಸಕ್ಕೆ ನಾವೂ ಕೈಹಚ್ಚಿದವರೇ. ಮಗ್ಗದಿಂದ ಬರುವದು ಸಾಲದಾದಾಗ ಅವ್ವ ಊರಿನ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡಲಿಕ್ಕೆ ಆರಂಭಿಸಿದಳು. ಬೆಳಗಿನ ನಾಲ್ಕು ಗಂಟೆಗೆ ಎಸರಿಟ್ಟಳೆಂದರೆ ಎಂಟು ಗಂಟೆಯ ಒಳಗಾಗಿ ಬುಟ್ಟಿ ತುಂಬಬೇಕು. ನಾವು ಹುನಗುಂದದಲ್ಲಿ ಓದಿದ್ದು, ಮುಂದೆ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ, ಕೋಣೆ ಹಿಡಿದು ಪದವಿ ಮುಗಿಸಿದ್ದು, ಎಲ್ಲವೂ ಆ ಬುಟ್ಟಿಯಿಂದಲೇ. ನಾವು ಹಿಟ್ಟಿಗೆ ಕೈ ಹಾಕಹೋದರೆ ಅವಳು ಕೈ ಹಿಡಿದು ಹಿಂದಕ್ಕೆ ಸರಿಸುತ್ತಿದ್ದಳು. “ನಿನ್ನ ಕೈಗೆ ಒಲಿ ಬ್ಯಾಡ, ನೀ ಓದು” ಎಂಬದೊಂದೇ ಅವಳ ಮಾತು. ಹೀಗಾಗಿ ರೊಟ್ಟಿಯ ಊರಿನಲ್ಲಿ ಹುಟ್ಟಿಯೂ ರೊಟ್ಟಿ ಬಡಿಯಲು ಬಾರದ ಹೆಣ್ಣುಮಗಳೆಂದು ನಾವು ಓಣಿಯಲ್ಲಿ ಹೆಸರಾದೆವು.

೨೦೨೨ನೆಯ ಇಸವಿಯ ಸಪ್ಟೆಂಬರದಲ್ಲಿ, ಸಾಲ ಮಾಡಿ, ಒಂದು ವರ್ಷದ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣಕ್ಕೆ ಹೋದೆವು. ಅಲ್ಲಿಯ ನಿಯಮದಂತೆ ಪರದೇಶದಿಂದ ಬಂದ ವಿದ್ಯಾರ್ಥಿಗಳು ಪಾಠಗಳು ನಡೆದಿರುವಾಗ ವಾರಕ್ಕೆ ೨೦ ಗಂಟೆ ದುಡಿಯಬಹುದು. ಊಟ, ಬಾಡಿಗೆಗಳ ಖರ್ಚು ಈ ೨೦ ಗಂಟೆಗಳಿಂದಲೇ ಹುಟ್ಟಬೇಕು. ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ದಣಿದೆವು. ಕಡೆಗೆ ನಮ್ಮನ್ನು ಬಾ ಎಂದು ಕರೆದದ್ದು ಒಂದು ಪಿಜ್ಜಾ ಅಂಗಡಿಯ ಅಡಿಗೆಮನೆ.

ಮೊದಲನೆಯ ದಿನದ ಸಂಕಟವನ್ನು ಮುಚ್ಚಿಡುವದಿಲ್ಲ. ನಾವು ಸಸ್ಯಾಹಾರಿಗಳು. ಒಂದು ಸಾಲಿನಲ್ಲಿ ಇಟ್ಟ ಉಕ್ಕಿನ ಡಬ್ಬಿಗಳಲ್ಲಿ ಉಳ್ಳಾಗಡ್ಡಿ, ದೊಣಮೆಣಸಿನಕಾಯಿ, ಅಣಬೆಗಳಿದ್ದಂತೆಯೇ ಹಂದಿಯ ಮಾಂಸ, ದನದ ಮಾಂಸಗಳೂ ಇದ್ದವು. ಮಾಲಿಕರು ಸಜ್ಜನರು; ನಮ್ಮ ಅಡಚಣೆಯನ್ನು ಕೇಳಿ ಹಿಟ್ಟಿನ ಕೆಲಸಕ್ಕೆ ಹಾಕಿದರು. ಆದರೆ ಶುಕ್ರವಾರದ ರಾತ್ರಿ ಸಣ್ಣ ಯಂತ್ರದಿಂದ ಬೇಡಿಕೆಯ ಚೀಟಿಗಳು ಒಂದರ ಬೆನ್ನಿಗೊಂದು ಹೊರಬೀಳುತ್ತಿರುವಾಗ ಇದು ನನ್ನ ಕೆಲಸ, ಅದು ನಿನ್ನದು ಎಂದು ಯಾರೂ ಅನ್ನುವಂತಿಲ್ಲ. ಕೈಗವಸು ಹಾಕಿಕೊಂಡು ನಾವೂ ಮುಟ್ಟಿದೆವು. ಕೋಣೆಗೆ ಬಂದು ಆ ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡೆವು. ನಾಲ್ಕಾರು ವಾರಗಳಾದ ಮೇಲೆ ಹಾಗೆ ಮಾಡುವದು ತಾನಾಗಿಯೇ ನಿಂತಿತು. ಅದು ಒಳ್ಳೆಯದೋ ಕೆಟ್ಟದೋ ಮನೆಯ ಹಿರಿಯರು ಹೇಳಲಿ. ತಿನ್ನಲಿಲ್ಲವೆಂಬದೊಂದೇ ನಮ್ಮ ಸಮಾಧಾನ.

ಇನ್ನು ಹಿಟ್ಟಿನ ಮಾತು. ಪಿಜ್ಜಾದ ಕಣಕಕ್ಕೆ ಬೇಕಾದದ್ದು ಗೋದಿಯ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ. ನಾದಿದ ಕಣಕವನ್ನು ಉಂಡೆ ಕಟ್ಟಿ ತಂಪು ಪೆಟ್ಟಿಗೆಯಲ್ಲಿ ಇಡುವರು. ಮರುದಿನಕ್ಕೆ ಅದು ಉಬ್ಬಿ, ಮೆತ್ತಗಾಗಿ, ಕೈಯಿಂದ ಎಳೆದತ್ತ ಬರುವದು. ಗೋದಿಗೆ ಆ ಗುಣ ಅದರ ಅಂಟಿನಿಂದ, ಅಂದರೆ ಗ್ಲುಟೆನ್ ಎಂಬ ಸತ್ತ್ವದಿಂದ, ಬಂದದ್ದು. ಜೋಳದಲ್ಲಿ ಅದು ಇಲ್ಲ. ಆದುದರಿಂದಲೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ಜಿಗಿ ಹುಟ್ಟಿಸಬೇಕು. ಎಳೆದರೆ ಹರಿಯುವದಾದ್ದರಿಂದ ಬಡಿದು ಬಡಿದು ತೆಳ್ಳಗೆ ಮಾಡಬೇಕು. ಅವ್ವ ವರ್ಷಾನುಗಟ್ಟಲೆ ಮಾಡುತ್ತ ಬಂದ ಕೆಲಸದ ಕಾರಣವು ನಮಗೆ ತಿಳಿದದ್ದು ಲೆಸ್ಟರಿನ ಅಡಿಗೆಮನೆಯಲ್ಲಿ!

ಪಿಜ್ಜಾದ ತವರೂರು ಇಟಲಿಯ ನೇಪಲ್ಸ್. ಅಲ್ಲಿಯ ಕಟ್ಟುನಿಟ್ಟಿನ ಪದ್ಧತಿಯಲ್ಲಿ ಲಟ್ಟಣಿಗೆ ಮುಟ್ಟುವ ಹಾಗಿಲ್ಲ, ಕೈಯಿಂದಲೇ ಅಗಲಿಸಬೇಕು. ಕಟ್ಟಿಗೆಯ ಒಲೆ ೪೮೫ ಡಿಗ್ರಿಯವರೆಗೆ ಕಾದಿರಬೇಕು, ೬೦ರಿಂದ ೯೦ ಸೆಕೆಂಡುಗಳಲ್ಲಿ ಬೆಂದು ಹೊರಗೆ ಬರಬೇಕು. ಆ ಊರಿನ ಪಿಜ್ಜಾಗಾರರ ಕೈಚಳಕವನ್ನು ಯುನೆಸ್ಕೋ ಸಂಸ್ಥೆಯವರು ೨೦೧೭ರಲ್ಲಿ ಮಾನವಕುಲದ ಪರಂಪರೆಯ ಯಾದಿಯಲ್ಲಿ ಸೇರಿಸಿದರು. ಅವ್ವನ ಕೈಚಳಕಕ್ಕೆ ಖಾನಾವಳಿಯವರು ಎಣಿಕೆಯ ಚೀಟಿಯನ್ನಷ್ಟೇ ಕೊಡುತ್ತಾರೆ. ನಮ್ಮ ಅಂಗಡಿಯ ಒಲೆಗೆ ನೇಪಲ್ಸಿನ ಬಿಸಿ ಇರಲಿಲ್ಲ. ಆದರೂ ಅದರ ಬಾಯಿಯ ಮುಂದೆ ನಿಂತವರಿಗೆ ಜನವರಿಯ ಚಳಿಯಲ್ಲಿಯೂ ಬೆವರು ಸುರಿಯುತ್ತಿತ್ತು. ಉದ್ದ ಹಿಡಿಯ ಸಲಿಕೆಯ ಮೇಲೆ ಪಿಜ್ಜಾವನ್ನು ಇಟ್ಟು ಒಳಗೆ ನೂಕಿ, ಒಂದೇ ಜಗ್ಗಿಗೆ ಸಲಿಕೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆಯುವ ಕೈ ತಡವರಿಸಿದರೆ ಮೇಲಿನ ಪದಾರ್ಥವೆಲ್ಲ ಒಲೆಯೊಳಗೆ ಉರುಳಿ ಹೊಗೆ ಏಳುವದು. ನಮ್ಮಿಂದ ಹಾಗೆ ಎಷ್ಟು ಹಾಳಾದವೆಂಬದರ ಲೆಕ್ಕವನ್ನು ಮಾಲಿಕರು ಇಟ್ಟಿರಬಹುದು, ನಾವು ಇಟ್ಟಿಲ್ಲ.

ಸಂಜೆಯ ಐದಕ್ಕೆ ನಿಂತರೆ ರಾತ್ರಿ ಹತ್ತೂವರೆಗೆ ಬಾಗಿಲು ಮುಚ್ಚುವದು. ಆಮೇಲೆ ನೆಲ ಒರೆಸಿ, ಡಬ್ಬಿಗಳನ್ನು ತಿಕ್ಕಿ, ಕಸದ ಚೀಲ ಹೊರಗಿಟ್ಟು ಹೊರಡಬೇಕು. ಕೂದಲಿಗೆ ಹತ್ತಿದ ಬಳ್ಳೊಳ್ಳಿಯ ವಾಸನೆ ಹಾಸಿಗೆಯವರೆಗೂ ಬೆನ್ನು ಹತ್ತಿ ಬರುತ್ತಿತ್ತು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರಕ್ಕಿಂತ ನಮ್ಮ ದೇಶದ ಗಡಿಯಾರ ಐದೂವರೆ ಗಂಟೆ ಮುಂದೆ. ಅಲ್ಲಿ ಹತ್ತೂವರೆಯಾದಾಗ ಇಳಕಲ್ಲಿನಲ್ಲಿ ಬೆಳಗಿನ ನಾಲ್ಕು. ನಾವು ಒಲೆ ಆರಿಸುವ ಹೊತ್ತಿಗೆ ಸರಿಯಾಗಿ ಅವ್ವ ಒಲೆ ಹೊತ್ತಿಸುತ್ತಿದ್ದಳು. ಕೋಣೆಗೆ ಬಂದೊಡನೆ ಮೊಬೈಲಿನಲ್ಲಿ ಮುಖ ನೋಡುತ್ತ ಮಾತಾಡುವದು ನಮ್ಮ ರೂಢಿ. ಅವಳು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯುತ್ತಲೇ ಮಾತಾಡುವಳು. “ಇಷ್ಟೊತ್ತನಕ ಎಲ್ಲಿದ್ದಿ?” ಎಂದರೆ ಒಂದು ದಿವಸ ಗ್ರಂಥಾಲಯವೆಂದೂ ಇನ್ನೊಂದು ದಿವಸ ಕಚೇರಿಯೆಂದೂ ಹೇಳುತ್ತಿದ್ದೆವು. ಕೂಡಲಸಂಗಮದ ಸೀಮೆಯಲ್ಲಿ ಬೆಳೆದವರು ನಾವು. ಕಾಯಕದ ಮಹಿಮೆಯನ್ನು ಶಾಲೆಯ ಭಾಷಣಗಳಲ್ಲಿ ಎಷ್ಟೋ ಸಲ ಹೇಳಿ ಬಹುಮಾನ ಗಳಿಸಿದ್ದೆವು. ಆದರೆ ಯಾವ ಒಲೆಯಿಂದ ಮಗಳನ್ನು ದೂರ ಇಡಬೇಕೆಂದು ಅವಳು ಜೀವ ತೇಯ್ದಳೋ, ಆ ಒಲೆಯ ಮುಂದೆಯೇ ಐದು ಸಾವಿರ ಮೈಲಿನಷ್ಟು ದೂರ ಬಂದು ನಿಂತಿದ್ದೇವೆಂದು ಹೇಳಲಿಕ್ಕೆ ಬಾಯಿ ಬರಲಿಲ್ಲ.

ಹೀಗೆ ಐದು ತಿಂಗಳು ನಡೆಯಿತು. ಫೆಬ್ರುವರಿಯ ಒಂದು ರಾತ್ರಿ, ಒಲೆಯ ಅಂಚಿಗೆ ಸರಿದ ಪಿಜ್ಜಾವನ್ನು ತಿರುಗಿಸಹೋಗಿ ಮುಂಗೈ ಕಬ್ಬಿಣದ ಚೌಕಟ್ಟಿಗೆ ತಗಲಿತು. ತಣ್ಣೀರು ಬಿಟ್ಟುಕೊಂಡು ಕೆಲಸ ಮುಗಿಸಿ ಬಂದೆವು. ಮಾತಾಡುವಾಗ ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದ್ದೇ ತಪ್ಪಾಯಿತು. ಅವ್ವನ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಕೈ ಇತ್ತ ತೋರ್ಸು.”

ಇಸ್ತ್ರಿ ಬಡಿಯಿತೆಂದೆವು. ಅವಳು ಹಿಟ್ಟು ಮೆತ್ತಿದ ತನ್ನ ತೋಳನ್ನು ಮುಂದಕ್ಕೆ ಚಾಚಿದಳು. ಅದರ ಮೇಲೆ ಅಂತಹ ಗೆರೆಗಳು ಒಂದಲ್ಲ, ಏಳೆಂಟು.

“ಇಸ್ತ್ರಿ ಸುಟ್ಟದ್ದು ಹಿಂಗ ಇರೂದಿಲ್ಲ. ಇದು ಒಲೀ ಗೆರಿ. ನನಗ ಹೇಳತೀ ಏನ?”

ಎಲ್ಲವನ್ನೂ ಹೇಳಿದೆವು. ಮಾಂಸದ ಸಂಗತಿಯನ್ನೂ ಬಿಡಲಿಲ್ಲ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿದ್ದು ನಮಗೆ ಇಲ್ಲಿಂದಲೇ ಕಾಣುತ್ತಿತ್ತು. ಅಳುವಳೆಂದು ಅಂಜಿದೆವು. ಆಕೆ ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕೆ ಒಗೆದು ಕೇಳಿದಳು:

“ನಿನ್ನವು ದುಂಡಗ ಬರತಾವೇನು?”

ಕೆಲವು ಬರುತ್ತವೆ, ಕೆಲವು ಇಲ್ಲವೆಂದೆವು.

“ಅಂಗೈ ಅಂಚಿನಾಗ ಒತ್ತಬೇಕು, ಬೆರಳ ತುದೀಲೆ ಅಲ್ಲ,” ಎಂದಳು. ಆ ಮಾತು ಗೋದಿಯ ಕಣಕಕ್ಕೆ ಪೂರ್ಣ ಸಲ್ಲುವದಿಲ್ಲವೆಂದು ನಾವು ಬಲ್ಲೆವು. ಆದರೂ ಹೂಂ ಎಂದೆವು. ತಂದೆಯವರಿಗೆ ತಾನೇ ಹೇಳುವೆನೆಂದಳು. ಅವರು ಏನಂದರೆಂಬದನ್ನು ಅವಳು ಇಂದಿಗೂ ಹೇಳಿಲ್ಲ.

ಮುಂದಿನ ವಾರ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಗೆ ಹೋದೆವು. ಅಲ್ಲಿ ಗುಜರಾಥಿಗಳ ಅಂಗಡಿಗಳ ಸಾಲೇ ಇದೆ. ಜೋಳದ ಹಿಟ್ಟು ಸಿಕ್ಕಿತು. ಅವ್ವ ಹೇಳಿದಂತೆ ಎಸರಿಟ್ಟು ನಾದಿ ಬಡಿದರೆ ಅಂಚು ಒಡೆದು ಭಾರತದ ನಕಾಶೆಯಾಯಿತು. “ಹಿಟ್ಟು ಹಳೇದೈತಿ, ಜಿಗಿ ಹೋಗೇತಿ. ನಿನ್ನ ತಪ್ಪಲ್ಲ” ಎಂದು ಅವಳು ನಿರ್ಣಯ ಕೊಟ್ಟಳು. ಅದು ಅರ್ಧ ಮಾತ್ರ ನಿಜ.

೨೦೨೪ರ ಜನವರಿಯಲ್ಲಿ ಊರಿಗೆ ಬಂದಾಗ ಬಾದಾಮಿಯ ಬನಶಂಕರಿಯ ಜಾತ್ರೆ ನಡೆದಿತ್ತು. ಹುನಗುಂದ, ಅಮೀನಗಡ ದಾಟಿ ಬಸ್ಸಿನಲ್ಲಿ ಹೋದೆವು. ದೇವಿಯ ದರ್ಶನ ಮಾಡಿಕೊಂಡು, ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸೊಬ್ಬಳಲ್ಲಿ ರೊಟ್ಟಿ, ಕೆಂಪು ಚಟ್ನಿ, ಮೊಸರು ಕೊಂಡೆವು. ಅವ್ವ ತಿನ್ನುವ ಮೊದಲು ರೊಟ್ಟಿಯನ್ನು ಬೆಳಕಿಗೆ ಹಿಡಿದು ಅಂಚನ್ನು ಸುತ್ತಲೂ ನೋಡಿ ತಲೆದೂಗಿದಳು. ಆಮೇಲೆ ನಮ್ಮ ತೋಳನ್ನು ಎಳೆದು ಆ ಹೆಂಗಸಿಗೆ ತೋರಿಸಿ, “ನನ್ನ ಮಗಳೂ ಮಾಡತಾಳ, ವಿಲಾಯತಿ ರೊಟ್ಟಿ” ಎಂದಳು. ಆ ಹೆಂಗಸು ನಮ್ಮ ಗೆರೆಯನ್ನು ನೋಡಿದಳು, ತನ್ನ ಸೆರಗು ಸರಿಸಿ ತನ್ನದೊಂದನ್ನು ತೋರಿಸಿದಳು, ಮತ್ತು ಎರಡು ರೊಟ್ಟಿ ಹೆಚ್ಚಿಗೆ ಹಾಕಿದಳು.